ಮೂರು ಸಲ ಕೂಗುವವರೆಗೆ

ಅಪ್ಪನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದಾಗ ನನ್ನ ತಲೆಯಲ್ಲಿ ಮೊದಲು ಎದ್ದದ್ದು ಅಪ್ಪನ ಚಿಂತೆಯಲ್ಲ. ಇನ್ನು ಮೇಲೆ ಹೋಟೆಲಿಗೆ ಹೋದರೆ ನನಗೇನು ಬೇಕೆಂದು ಹೇಳುವವರು ಯಾರು ಅನ್ನುವ ಚಿಂತೆ. ಅವತ್ತು ರೂಮಿಗೆ ಬಂದು ಇದನ್ನು ಡೈರಿಯಲ್ಲಿ ಬರೆದೆ. ಬರೆದದ್ದನ್ನು ಮತ್ತೆ ಓದಿದಾಗ ಕಿವಿ ಬಿಸಿಯಾಯಿತು. ಇಷ್ಟು ಚಿಲ್ಲರೆ ಮನಸ್ಸು ನನ್ನದು ಎಂದು ನನಗೇ ಗೊತ್ತಿರಲಿಲ್ಲ.

ನಾನು ಮಾತು ಬಾರದವಳಲ್ಲ. ಪದವಿ ಮುಗಿಸಿದ್ದೇನೆ. ಓದಿದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲೇ ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಕೆಲಸ ಮಾಡುತ್ತೇನೆ. ಬರೆಯೆಂದರೆ ಪುಟಗಟ್ಟಲೆ ಬರೆಯುತ್ತೇನೆ. ಆದರೆ ಎದುರಿಗೆ ಒಬ್ಬರು ನಿಂತು ಏನು ಬೇಕು ಎಂದು ಕೇಳಿದರೆ ಸಾಕು, ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಹೇಳಬೇಕಾದದ್ದು ಒಳಗೆ ಪೂರ್ತಿ ಸಿದ್ಧವಾಗಿರುತ್ತದೆ. ಅದು ಹೊರಗೆ ಬರುವ ಹೊತ್ತಿಗೆ ಕೇಳಿದವರು ಮುಂದಿನ ಕೆಲಸಕ್ಕೆ ಹೋಗಿರುತ್ತಾರೆ. ಅಪ್ಪ ನನ್ನನ್ನು ಕರೆಯುವುದೇ ಮೌನಗೌರಿ ಎಂದು.

ಅಪ್ಪ ಇದಕ್ಕೆ ತದ್ವಿರುದ್ಧ. ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವರ ಕೆಲಸ. ಬೆಳಗ್ಗೆ ಲಾರಿಗಳಿಂದ ಮಾಲು ಇಳಿಸಿ ಸಾಲಾಗಿ ಇಟ್ಟ ಮೇಲೆ, ಒಂದು ಖಾಲಿ ಕ್ರೇಟನ್ನು ಬೋರಲು ಹಾಕಿ, ಅದರ ಮೇಲೆ ನಿಂತು, ಎಡಗೈಯನ್ನು ಕಿವಿಗೆ ಒತ್ತಿಕೊಂಡು ಅವರು ಶುರು ಮಾಡಿದರೆ ಆ ತಗಡಿನ ಚಾವಣಿಯ ಕೆಳಗೆ ಮತ್ತೊಬ್ಬರ ಮಾತು ಕೇಳುತ್ತಿರಲಿಲ್ಲ. ಉಳಿದವರೆಲ್ಲ ಮೈಕು ಹಿಡಿದ ಮೇಲೂ ಅಪ್ಪ ಅದನ್ನು ಮುಟ್ಟಲಿಲ್ಲ. ಮಾರುಕಟ್ಟೆಯವರು ಅವರಿಗೆ ಇಟ್ಟ ಹೆಸರು ಮೈಕಾಸುರ. ಅದನ್ನು ಬೈಗುಳವೆಂದು ಅಪ್ಪ ಒಂದು ದಿನವೂ ತಿಳಿಯಲಿಲ್ಲ. ಮನೆಗೆ ಬಂದವರಿಗೆಲ್ಲ ತಾವೇ ಹೇಳಿಕೊಂಡು ನಗುತ್ತಿದ್ದರು.

ಹರಾಜಿಗೊಂದು ನಿಯಮವಿದೆ. ಕೊನೆಯ ಬೆಲೆಯನ್ನು ಮೂರು ಸಲ ಕೂಗುತ್ತಾರೆ. ಒಂದು ಸಲ, ಎರಡು ಸಲ, ಮೂರು ಸಲ. ಅಷ್ಟರೊಳಗೆ ಯಾರೂ ಬಾಯಿ ಬಿಡದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಆಮೇಲೆ ಎಷ್ಟು ಬಾಯಿ ಬಡಿದುಕೊಂಡರೂ ಮಾಲು ಕೈಬಿಟ್ಟು ಹೋಗಿರುತ್ತದೆ. ಅಪ್ಪ ಈ ನಿಯಮವನ್ನು ಮನೆಗೂ ತಂದಿದ್ದರು, ಮುಖ್ಯವಾಗಿ ನನಗೋಸ್ಕರ. ಚಿಕ್ಕವಳಿದ್ದಾಗ ಸೈಕಲ್ ಅಂಗಡಿಯಲ್ಲಿ ಯಾವ ಬಣ್ಣ ಬೇಕೆಂದು ಕೇಳಿದರು. ನಾನು ನೆಲ ನೋಡುತ್ತಾ ನಿಂತೆ. ಕೆಂಪು, ಒಂದು ಸಲ. ಕೆಂಪು, ಎರಡು ಸಲ. ಕೆಂಪು, ಮೂರು ಸಲ. ಕೆಂಪು ಸೈಕಲ್ ಮನೆಗೆ ಬಂತು. ನನಗೆ ನೀಲಿ ಬೇಕಿತ್ತು. ಕಾಲೇಜಿಗೆ ಸೇರುವಾಗ ಇತಿಹಾಸ ನನ್ನ ಪಾಲಿಗೆ ಬಂದದ್ದೂ ಹೀಗೆಯೇ. ಅಪ್ಪನ ಮೇಲೆ ದೂರು ಹೇಳುತ್ತಿಲ್ಲ. ಅವರು ಪ್ರತಿ ಸಲವೂ ನಿಧಾನವಾಗಿ ಕೂಗುತ್ತಿದ್ದರು. ಎರಡಕ್ಕೂ ಮೂರಕ್ಕೂ ನಡುವೆ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು. ನಾನೇ ತುಟಿ ಬಿಚ್ಚುತ್ತಿರಲಿಲ್ಲ. ಇತಿಹಾಸವೇನೋ ಆಮೇಲೆ ಇಷ್ಟವಾಯಿತು. ಸೈಕಲ್ಲು ಕೊನೆಯವರೆಗೂ ಇಷ್ಟವಾಗಲಿಲ್ಲ.

ಹೋದ ವರ್ಷ ಅಪ್ಪನ ದನಿ ಒಡೆಯಿತು. ಶೀತ ಅಂದುಕೊಂಡರು, ಮಾರುಕಟ್ಟೆಯ ಧೂಳು ಅಂದುಕೊಂಡರು. ಜೇನುತುಪ್ಪ, ಬಿಸಿನೀರು, ಕಷಾಯ ಎಲ್ಲ ಆಯಿತು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಗಂಟಲಲ್ಲಿ ಗೆಡ್ಡೆ ಎಂದು ತಿಳಿಯಿತು. ವಾರಗಟ್ಟಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಗೆಡ್ಡೆ ಕೆಲವು ತಿಂಗಳು ಮಲಗಿದ್ದು ಮತ್ತೆ ಎದ್ದಿತು. ನಮ್ಮ ವಿಶ್ವವಿದ್ಯಾಲಯದ ಆಸ್ಪತ್ರೆಯ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಧ್ವನಿಪೆಟ್ಟಿಗೆ ತೆಗೆದರೆ ಬದುಕುವ ಆಸೆ ಇಟ್ಟುಕೊಳ್ಳಬಹುದು, ತೆಗೆಯದಿದ್ದರೆ ವರ್ಷ ದಾಟುವುದು ಕಷ್ಟ ಎಂದರು. ತೆಗೆದ ಮೇಲೆ ಉಸಿರಾಟವೆಲ್ಲ ಕತ್ತಿನಲ್ಲಿ ಮಾಡಿದ ತೂತಿನಿಂದಲೇ. ಮುಂದೆ ಯಾವುದೋ ಯಂತ್ರದಿಂದಲೋ ಅಭ್ಯಾಸದಿಂದಲೋ ಒಂದಿಷ್ಟು ಮಾತು ಹೊರಡಿಸಬಹುದು, ಆದರೆ ಈ ದನಿಯನ್ನು ಮರೆತುಬಿಡಿ ಎಂದರು.

ಮಾಡಿಸಿಕೊಳ್ಳಬೇಕೆಂದು ಎಲ್ಲರೂ ಒಂದೇ ಉಸಿರಿಗೆ ಹೇಳಿದರು. ದೊಡ್ಡಪ್ಪ ಹೇಳಿದರು, ಅತ್ತೆ ಹೇಳಿದಳು, ಮಾರುಕಟ್ಟೆಯ ಗೆಳೆಯರು ಮನೆಗೇ ಬಂದು ಹೇಳಿಹೋದರು. ಅಮ್ಮನಂತೂ, ಇಷ್ಟು ವರ್ಷ ನಿಮ್ಮ ಬಾಯಿ ಕೇಳಿ ಕೇಳಿ ನನ್ನ ಕಿವಿ ಸೋತಿದೆ, ಇನ್ನಾದರೂ ನಾನು ಹೇಳುವುದನ್ನು ನೀವು ಕೇಳುವಿರಂತೆ ಎಂದು ತಮಾಷೆ ಮಾಡಿ, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ನಾನು ಬಾಗಿಲ ಬಳಿ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆಸ್ಪತ್ರೆಗೆ ದಾಖಲಾಗುವ ಹಿಂದಿನ ದಿನ ಅಪ್ಪ ಒಬ್ಬರೇ ಬಸ್ಸಿನಲ್ಲಿ ಬಂದರು. ಹಾಸಿಗೆ ಹಿಡಿದಿರುವ ಅಜ್ಜಿಯನ್ನು ಬಿಟ್ಟು ಅಮ್ಮ ಹೊರಡುವಂತಿರಲಿಲ್ಲ. ಆಪರೇಷನ್ ದಿನಕ್ಕೆ ಅತ್ತೆ ಬಂದು ಅಜ್ಜಿಯ ಬಳಿ ಕೂತರೆ ಅಮ್ಮ ಬರುವುದೆಂದು ಮಾತಾಗಿತ್ತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸು ನಮ್ಮಿಬ್ಬರನ್ನು ಕೂರಿಸಿಕೊಂಡು, ಆಪರೇಷನ್ ಆದ ಮೇಲೆ ಏನೇನು ಬದಲಾಗುತ್ತದೆ ಎಂದು ವಿವರಿಸಿದಳು. ಉಸಿರು ಮೂಗಿನಿಂದ ಹೋಗುವುದಿಲ್ಲವಾದ್ದರಿಂದ ವಾಸನೆ ಅಷ್ಟಾಗಿ ತಿಳಿಯುವುದಿಲ್ಲ. ಬಿಸಿ ಪದಾರ್ಥವನ್ನು ಊದಿ ಆರಿಸಲು ಆಗುವುದಿಲ್ಲ. ಶಿಳ್ಳೆ ಹೊಡೆಯಲು ಆಗುವುದಿಲ್ಲ. ಅಪ್ಪ ಗೊಗ್ಗರು ದನಿಯಲ್ಲಿ, ಶಿಳ್ಳೆ ಹೊಡೆಯುವ ವಯಸ್ಸು ದಾಟಿದೆ ಬಿಡಿ, ಹೊಡೆದರೆ ಇವಳಮ್ಮ ಸುಮ್ಮನಿರುವುದಿಲ್ಲ ಎಂದರು. ಆ ಹೆಂಗಸು ನಕ್ಕಳು. ಅಪ್ಪ ನಗಿಸಿದರೇ ಹೊರತು ತಾವು ನಗಲಿಲ್ಲ. ಅದನ್ನು ನಾನು ಗಮನಿಸಿದೆ.

ಸಂಜೆ ಊಟಕ್ಕೆ ಎಲ್ಲಿ ಎಂಬ ಪ್ರಶ್ನೆ ಬಂತು. ಅಪ್ಪನಿಗೆ ಗಟ್ಟಿ ಪದಾರ್ಥ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದಕ್ಕೇ ನಾನು ಅವರನ್ನು ನನ್ನ ವಿಯೆಟ್ನಾಮಿ ಹೋಟೆಲಿಗೆ ಕರೆದುಕೊಂಡು ಹೋದೆ. ನನ್ನ ಹೋಟೆಲು ಎಂದು ಬರೆಯುತ್ತಿದ್ದೇನೆ, ಒಡತಿ ಕೇಳಿದರೆ ನಕ್ಕಾರು. ವಿಶ್ವವಿದ್ಯಾಲಯದ ಹಿಂದಿನ ಗೇಟಿನೆದುರು, ಜೆರಾಕ್ಸ್ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಜಾಗ ಅದು. ಆರೇಳು ಮೇಜು, ಬೆನ್ನಿಲ್ಲದ ಸ್ಟೂಲುಗಳು. ಮೇಜಿನ ಮೇಲೆ ಒಂದು ಡಬ್ಬಿಯಲ್ಲಿ ಚಾಪ್‌ಸ್ಟಿಕ್ಕು, ಚಮಚ. ಪಕ್ಕದಲ್ಲಿ ಮೀನಿನ ಸಾಸು, ಖಾರದ ಸಾಸು. ಗೋಡೆಯ ತುಂಬ ಊಟದ ಚಿತ್ರಗಳು, ಪ್ರತಿ ಚಿತ್ರದ ಕೆಳಗೂ ನಂಬರು. ಗಂಡ ಒಳಗೆ ಅಡುಗೆ ಮಾಡುತ್ತಾರೆ, ಹೆಂಡತಿ ಹೊರಗೆ ಬಡಿಸುತ್ತಾರೆ. ಅವರನ್ನು ನಾನು ಮನಸ್ಸಿನಲ್ಲಿ ಹೋಟೆಲಿನಮ್ಮ ಎನ್ನುತ್ತೇನೆ. ಅವರಿಗೆ ನಮ್ಮ ಭಾಷೆ ಅಷ್ಟಕ್ಕಷ್ಟೆ. ನನಗೆ ಆ ಜಾಗ ಹಿಡಿಸಿದ್ದೇ ಅದರಿಂದ. ನಾನು ಚಿತ್ರಕ್ಕೆ ಬೆರಳು ತೋರಿಸುತ್ತೇನೆ, ಅವರು ತಲೆಯಾಡಿಸುತ್ತಾರೆ. ಅಲ್ಲಿಗೆ ನಮ್ಮ ವ್ಯವಹಾರ ಮುಗಿಯಿತು. ಓದುವ ಕಾಲದಿಂದಲೂ ಅಲ್ಲಿ ಉಣ್ಣುತ್ತಿದ್ದೇನೆ.

ನಾವು ಹೋದಾಗ ಬೀದಿಯಲ್ಲಿ ಇನ್ನೂ ಬೆಳಕಿತ್ತು. ಒಳಗೆ ಮೂರು ಮೇಜು ಸೇರಿಸಿಕೊಂಡು ವಿದ್ಯಾರ್ಥಿಗಳ ಒಂದು ದಂಡು ಕೂತಿತ್ತು. ಪರೀಕ್ಷೆ ಮುಗಿದ ಗದ್ದಲ. ಅಪ್ಪ ಮೂಲೆಯ ಸ್ಟೂಲಿನಲ್ಲಿ ಕೂತು, ಹೋಟೆಲಿನಮ್ಮ ಬರುವುದನ್ನೇ ಕಾಯುತ್ತಿದ್ದವರಂತೆ ತಮ್ಮ ಪರಿಚಯ ಹೇಳಲು ತೊಡಗಿದರು. ನಾನು ಇವಳಪ್ಪ, ಇಂಥ ಕಡೆ ಇಂಥ ಕೆಲಸ, ನಿಮ್ಮ ಸೊಪ್ಪು ತರಕಾರಿ ಎಲ್ಲಿಂದ ಬರುತ್ತದೆ. ಹೋಟೆಲಿನಮ್ಮ ಬಗ್ಗಿ ಕಿವಿ ಕೊಟ್ಟರು. ಅರ್ಥವಾಗಲಿಲ್ಲ. ಅಪ್ಪ ಮತ್ತೆ ಹೇಳಿದರು. ಕತ್ತಿನ ನರ ಉಬ್ಬಿತು. ಹೊರಗೆ ಬಂದದ್ದು ಮಾತ್ರ ಸೋರುವ ಗಾಳಿಯಂಥ ಸದ್ದು. ಹೋಟೆಲಿನಮ್ಮ ನೆಟ್ಟಗಾಗಿ ನನ್ನ ಕಡೆ ನೋಡಿದರು, ಇವರು ಹೇಳುತ್ತಿರುವುದೇನು ಎಂಬಂತೆ.

ಅಪ್ಪ ಹೇಳಿದ್ದೇನೆಂದು ಜನ ನನ್ನನ್ನು ಕೇಳಿದ್ದು ಅದೇ ಮೊದಲು.

ನಾನು ಎಂದಿನ ಕೋಳಿ ಸಾರಿನ ಚಿತ್ರಕ್ಕೆ ಬೆರಳು ತೋರಿಸಿ, ಎರಡು ಎಂದು ಬೆರಳೆತ್ತಿದೆ. ಅವರು ತಲೆಯಾಡಿಸಿ ಹೋದರು. ಅಪ್ಪ ನನ್ನ ಬೆರಳನ್ನೇ ನೋಡುತ್ತಿದ್ದರು.

‘ಇಷ್ಟೇನಾ?’ ಅಂದರು.

ಹೌದೆಂದು ತಲೆಯಾಡಿಸಿದೆ.

‘ಇಷ್ಟು ವರ್ಷ ಹೀಗೇನಾ ಉಂಡಿರೋದು ಇಲ್ಲಿ? ಬಾಯೇ ಬಿಡ್ದೆ?’

‘ಬೇಕಾಗಲ್ಲ ಅಪ್ಪ.’

ಅಪ್ಪ, ಹಾಗಾದರೆ ನಾಡಿದ್ದಿನಿಂದ ನೀನೇ ನನ್ನ ಮೇಡಂ, ಶಿಷ್ಯ ಕೊಂಚ ದಡ್ಡ, ಕಿವಿ ಹಿಂಡಬೇಡ ಎಂದರು. ನಾನು ನಕ್ಕೆ. ಅವರ ಕಣ್ಣು ಮಾತ್ರ ನನ್ನ ಬೆರಳನ್ನು ಬಿಟ್ಟಿರಲಿಲ್ಲ.

ಬಟ್ಟಲುಗಳು ಬಂದವು. ಫೊ ಎನ್ನುವ ಈ ಸಾರು ಕನ್ನಡಿಯಂತೆ ತಿಳಿಯಾಗಿರುತ್ತದೆ. ತಳದಲ್ಲಿ ಬಿಳಿಯ ಅಕ್ಕಿ ಶ್ಯಾವಿಗೆ, ಮೇಲೆ ಹೆಚ್ಚಿದ ಈರುಳ್ಳಿ ಹೂವು. ಬೇರೆ ತಟ್ಟೆಯಲ್ಲಿ ಹಸಿ ಸೊಪ್ಪು, ಮೊಳಕೆ ಕಾಳು, ನಿಂಬೆಹೋಳು. ಅವರವರ ಬಾಯಿರುಚಿಗೆ ಅವರವರೇ ಹಾಕಿಕೊಳ್ಳಬೇಕು. ಅಪ್ಪ ಚಾಪ್‌ಸ್ಟಿಕ್ಕು ಹಿಡಿದು, ಇದು ಊಟವೋ ಸ್ವೆಟರ್ ಹೆಣೆಯುವುದೋ ಎಂದು ಕೇಳಿ ಅದನ್ನು ಬದಿಗಿಟ್ಟರು. ಆಮೇಲೆ ಸೊಪ್ಪಿನ ಒಂದು ಕಡ್ಡಿ ಎತ್ತಿಕೊಂಡು, ದಂಟು ಮುರಿದು, ಮೂಸಿ, ಇದು ಇವತ್ತು ಕೊಯ್ದದ್ದಲ್ಲ, ನಿನ್ನೆಯದು, ನೀರು ಚಿಮುಕಿಸಿ ಎಬ್ಬಿಸಿ ಕೂರಿಸಿದ್ದಾರೆ ಎಂದರು. ಮೊಳಕೆ ಕಾಳನ್ನು ಮಾತ್ರ ಒಪ್ಪಿಕೊಂಡರು. ಮಾರುಕಟ್ಟೆಗೆ ಬಂದರೆ ಅದನ್ನು ತಾನು ಮೊದಲ ಸಾಲಿನಲ್ಲೇ ಕೂಗುತ್ತಿದ್ದೆನೆಂದು ಹೇಳಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು.

ಆಮೇಲೆ ಬಟ್ಟಲಿನ ಮೇಲೆ ಬಗ್ಗಿದರು. ಹಬೆ ಮುಖಕ್ಕೆ ಹೊಡೆಯಿತು. ಕನ್ನಡಕ ಮಂಜಾಯಿತು. ತೆಗೆಯಲಿಲ್ಲ. ಹಾಗೇ ಬಗ್ಗಿಕೊಂಡು ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡರು, ಬಿಟ್ಟರು, ಮತ್ತೆ ಎಳೆದುಕೊಂಡರು. ಇದರಲ್ಲಿ ಏನೇನಿದೆ ಎಂದು ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ: ಚಕ್ಕೆ, ಚಕ್ರಮೊಗ್ಗು, ಸುಟ್ಟ ಶುಂಠಿ. ಒಂದೊಂದು ಹೆಸರು ಹೇಳಿದಾಗಲೂ ಅವರು ಮತ್ತೆ ಬಗ್ಗಿ ಅದನ್ನೇ ಹುಡುಕಿದರು. ಸಿಕ್ಕಿತು ಎಂದು ಬೆರಳೆತ್ತಿದರು. ಶುಂಠಿ ಮಾತ್ರ ಬೇಗ ಸಿಗಲಿಲ್ಲ. ಅದು ಸಿಗುವವರೆಗೂ ತಲೆ ಎತ್ತಲಿಲ್ಲ.

ಒಂದು ಚಮಚ ಸಾರು ತೆಗೆದು ಊದಿದರು. ಎಲ್ಲರೂ ಊದುವ ಹಾಗೆ, ಯೋಚನೆಯಿಲ್ಲದೆ. ಊದುತ್ತಿದ್ದ ಹಾಗೆ ತಾನು ಊದುತ್ತಿದ್ದೇನೆ ಎಂಬುದು ಅವರಿಗೆ ಹೊಳೆಯಿತು. ಅದು ನನಗೆ ಅವರ ಹುಬ್ಬಿನಲ್ಲಿ ಕಾಣಿಸಿತು. ಚಮಚದ ಸಾರು ಆರಿ ತಣ್ಣಗಾಗಿತ್ತು. ಅವರು ಇನ್ನೂ ಊದುತ್ತಲೇ ಇದ್ದರು, ಮೆಲ್ಲಗೆ, ತುಟಿಯನ್ನು ಗುಂಡಗೆ ಮಾಡಿಕೊಂಡು. ನಾನು ಗೋಡೆಯ ಚಿತ್ರಗಳ ನಂಬರುಗಳನ್ನು ಓದತೊಡಗಿದೆ.

ಕರೆಂಟು ಕೊಟ್ಟ ಮೇಲೆ ಅವರ ಬಾಯಿ ಆಗಾಗ ಒಣಗುತ್ತದೆ. ಬಿಸಿನೀರು ಬೇಕೆನಿಸಿತು. ನಾನು ಕೈಯೆತ್ತಲು ಹೋದರೆ ತಡೆದು, ಇರು, ನಾನೇ ನಿನ್ನ ಹಾಗೆ ಕೇಳುತ್ತೇನೆ, ಅಭ್ಯಾಸವಾಗಲಿ ಎಂದರು. ಕೈಯೆತ್ತಿ ಹೋಟೆಲಿನಮ್ಮನ ಗಮನ ಸೆಳೆದು ಅದೇನೋ ಸನ್ನೆ ಮಾಡಿದರು. ಅವರ ಕೈಗೆ ಗೊತ್ತಿದ್ದದ್ದು ಮಾರುಕಟ್ಟೆಯ ಸನ್ನೆ. ಅಂಗೈ ಮೇಲಕ್ಕೆ, ಬೆರಳು ಮಡಚಿ, ಇನ್ನಷ್ಟು, ಇನ್ನಷ್ಟು ಎಂಬ ಹಾಗೆ. ಹೋಟೆಲಿನಮ್ಮ ಇನ್ನೊಂದು ತಟ್ಟೆ ಸೊಪ್ಪು ತಂದಿಟ್ಟರು. ಅಪ್ಪ ಅಲ್ಲವೆಂದು ತಲೆಯಾಡಿಸಿ, ಗಂಟಲು ಮುಟ್ಟಿ ತೋರಿಸಿದರು. ಖಾರ ಹೆಚ್ಚಾಯಿತೆಂದು ತಿಳಿದು ಅವರು ಸಕ್ಕರೆ ತಂದರು. ಅಪ್ಪ ಬಾಯಿಬಿಟ್ಟು ಹೇಳಿದರು. ವಿದ್ಯಾರ್ಥಿಗಳ ನಗುವಿನ ಅಲೆಯಲ್ಲಿ ಅದು ಕೊಚ್ಚಿಹೋಯಿತು. ಹೋಟೆಲಿನಮ್ಮನಿಗೂ ಪಾಪ, ಮುಖ ಸಪ್ಪಗಾಯಿತು. ನಾನು ಖಾಲಿ ಲೋಟವನ್ನು ಎತ್ತಿ, ಅದರ ಮೇಲೆ ಹಬೆ ಏಳುವ ಹಾಗೆ ಬೆರಳಾಡಿಸಿದೆ. ತಕ್ಷಣ ಬಿಸಿನೀರು ಬಂತು.

ಮೊದಲಿಗೆ ಅಪ್ಪ ನಕ್ಕರು. ನೋಡು, ನನ್ನ ಕೈಗೂ ಭಾಷೆ ಬರುವುದಿಲ್ಲ ಎಂದರು. ನಂತರ ನಗು ನಿಂತಿತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ನಾನು ಅಷ್ಟು ಸಲೀಸಾಗಿ ನೀರು ತರಿಸಬಾರದಿತ್ತು ಎಂದು ನನಗೆ ಆಗ ಅನ್ನಿಸಿತು.

‘ಒಂದು ಮಾತು ಹೇಳ್ತೀನಿ,’ ಅಂದರು. ‘ನಿಮ್ಮಮ್ಮನ ಹತ್ರ ಹೇಳೋಕಾಗ್ಲಿಲ್ಲ.’

ನಾನು ಚಮಚ ಕೆಳಗಿಟ್ಟೆ.

ಹೇಳಿದರು. ನಾಳೆ ಆಸ್ಪತ್ರೆಗೆ ಸೇರುವುದಿಲ್ಲ. ಬಸ್ಸಿನಲ್ಲಿ ಬರುವಾಗಲೇ ಅರ್ಧ ಮನಸ್ಸಾಗಿತ್ತು, ಆ ಹೆಂಗಸು ಮಧ್ಯಾಹ್ನ ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಮುಕ್ಕಾಲು, ಈಗ ಇಲ್ಲಿ ಕೂತ ಮೇಲೆ ಪೂರ್ತಿ. ಸಿಗುವಷ್ಟು ದಿನ ಈ ಹರಿದ ದನಿಯಲ್ಲೇ ಕಳೆಯುತ್ತಾರಂತೆ. ಮಾರುಕಟ್ಟೆಗೆ ಹೋಗಿ ಕೂತು ಗೆಳೆಯರ ಕಾಲೆಳೆಯುತ್ತಾರಂತೆ, ಅಮ್ಮನ ಜೊತೆ ಜಗಳವಾಡುತ್ತಾರಂತೆ.

‘ಸಾಯೋದಕ್ಕೆ ಹೆದರಲ್ಲ ಅಂತಲ್ಲ. ಹೆದರ್ತೀನಿ. ಆದ್ರೆ ಬಾಯಿ ಮುಚ್ಕೊಂಡು ಒಂದು ಕುರ್ಚೀಲಿ ಕೂತಿರೋದಕ್ಕೆ ಅದಕ್ಕಿಂತ ಹೆಚ್ಚು ಹೆದರ್ತೀನಿ. ನಿಂಗೆ ಅಭ್ಯಾಸ ಇದೆ. ನಿನ್ ಥರ ನಂಗಾಗಲ್ಲ ಕಂದಾ.’

ನನ್ನ ಕಣ್ಣು ತುಂಬಿತು. ಅದನ್ನು ಅವರು ಬೇರೆ ರೀತಿ ಅರ್ಥ ಮಾಡಿಕೊಂಡರು. ಮೇಜಿನ ಮೇಲಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು.

‘ಅವತ್ತು ಮನೇಲಿ ಎಲ್ರೂ ಕೂಗಿದ್ರು, ಮಾಡಿಸ್ಕೋ ಮಾಡಿಸ್ಕೋ ಅಂತ. ನೀನೊಬ್ಳು ಕೂಗ್ಲಿಲ್ಲ. ಬಾಗಿಲ ಹತ್ರ ಸುಮ್ನೆ ನಿಂತಿದ್ದೆ. ಅವಾಗ್ಲೇ ಗೊತ್ತಾಯ್ತು ನಂಗೆ. ನನ್ ಮಗಳೊಬ್ಳು ನನ್ ಕಡೆ ಇದಾಳೆ ಅಂತ. ಆ ಒಂದು ಧೈರ್ಯ ಇಟ್ಕೊಂಡೇ ಇಲ್ಲೀವರೆಗೆ ಬಂದೆ.’

ನಾನು ಅಂದು ಬಾಗಿಲ ಬಳಿ ಸುಮ್ಮನೆ ನಿಂತದ್ದು ಅವರ ಕಡೆಯೂ ಆಗಿರಲಿಲ್ಲ, ಅಮ್ಮನ ಕಡೆಯೂ ಆಗಿರಲಿಲ್ಲ. ಬಾಯಿ ತೆರೆದರೆ ಮಾತಿನ ಬದಲು ಕಿರುಚಾಟ ಬರುತ್ತದೆಂದು ಹೆದರಿ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಆ ಮೌನವನ್ನು ಅಪ್ಪ ಒಪ್ಪಿಗೆಯೆಂದು ಎತ್ತಿಕೊಂಡು, ಜೋಪಾನವಾಗಿ ಎದೆಯಲ್ಲಿಟ್ಟುಕೊಂಡು, ಊರಿಂದ ಊರಿಗೆ ಹೊತ್ತು ತಂದಿದ್ದರು. ಅದಕ್ಕಿಂತ ಹೆಚ್ಚಿನ ತಪ್ಪು ತಿಳಿವಳಿಕೆ ಎರಡು ಜೀವಗಳ ನಡುವೆ ಇರಲು ಸಾಧ್ಯವೇ ಎಂದು ಈಗಲೂ ಯೋಚಿಸುತ್ತೇನೆ. ಆದರೆ ಅವರನ್ನು ತಪ್ಪು ಅನ್ನಲಾರೆ. ಇಷ್ಟು ವರ್ಷ ನನ್ನ ಮೌನಕ್ಕೆ ನಮ್ಮ ಮನೆಯಲ್ಲಿ ಇದ್ದ ಅರ್ಥ ಅದೊಂದೇ.

‘ಹಾಗಾದ್ರೆ ಆಸ್ಪತ್ರೆ ಬೇಡ,’ ಅಂದರು ಅಪ್ಪ. ಮಣಿಕಟ್ಟು ಬಿಟ್ಟಿರಲಿಲ್ಲ. ‘ನಾಳೆ ಬೆಳಗ್ಗೆ ಇಬ್ರೂ ಬಸ್ ಹತ್ತಿ ಮನೆಗೆ. ಒಂದು ಸಲ.’

ಬೇಕು ಎನ್ನಬೇಕಿತ್ತು. ಎರಡಕ್ಷರ. ನಾಲಗೆ ತನ್ನ ಜಾಗದಲ್ಲಿ ಮಲಗಿತ್ತು.

‘ಎರಡು ಸಲ.’

ಎರಡಕ್ಕೂ ಮೂರಕ್ಕೂ ನಡುವೆ ಅಪ್ಪ ಅಷ್ಟು ಹೊತ್ತು ಕಾದದ್ದನ್ನು ನಾನು ಎಂದೂ ಕಂಡಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಕಾಯುತ್ತಿದ್ದದ್ದು ನನ್ನ ಮೌನವನ್ನೋ ನನ್ನ ಮಾತನ್ನೋ, ಹೇಳಲಾರೆ. ಆ ಹೊತ್ತಿಗೇ ಹೋಟೆಲಿನಮ್ಮ ಬಂದು, ಅಪ್ಪನ ಬಟ್ಟಲು ಅರ್ಧವೂ ಖಾಲಿಯಾಗದ್ದನ್ನು ನೋಡಿ, ಚೆನ್ನಾಗಿಲ್ಲವೇ ಎಂದು ಮುಖದಲ್ಲೇ ಕೇಳಿದರು. ಅಪ್ಪ ನನ್ನ ಕೈ ಬಿಟ್ಟು, ಎದೆಯ ಮೇಲೆ ಅಂಗೈಯಿಟ್ಟು, ತುಂಬ ಚೆನ್ನಾಗಿದೆ ಎಂದು ತೋರಿಸಿದರು. ಈ ಸನ್ನೆ ಅವರಿಗೆ ತಿಳಿಯಿತು. ಆಕೆ ಹೋದ ಮೇಲೆ ಅಪ್ಪ ತಿರುಗಿ, ಬಹಳ ಮೆಲ್ಲಗೆ, ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು.

‘ಮೂರು ಸಲ.’

ಮುಗಿಯಿತು. ಅಪ್ಪನ ಭುಜಗಳು ಇಳಿದವು. ಎಷ್ಟೋ ದಿನದ ಮೇಲೆ ಹಸಿವಾದವರ ಹಾಗೆ ಬಟ್ಟಲನ್ನು ಹತ್ತಿರ ಎಳೆದುಕೊಂಡು, ಶ್ಯಾವಿಗೆಯನ್ನು ಚಮಚದಲ್ಲಿ ಕತ್ತರಿಸಿ ಕತ್ತರಿಸಿ ತಿಂದರು, ಪ್ರತಿ ತುತ್ತನ್ನೂ ನೋವಿನಿಂದ ಕಣ್ಣು ಕಿರಿದು ಮಾಡಿಕೊಂಡೇ ನುಂಗಿದರು. ನಡುನಡುವೆ ಅದೂ ಇದೂ ಹೇಳಿದರು. ದೊಡ್ಡಪ್ಪ ಬೈಯುತ್ತಾರೆ, ಬೈಯಲಿ, ಬಡ್ಡಿ ಸಮೇತ ತಿರುಗಿ ಬೈಯುವಷ್ಟು ದನಿ ಇನ್ನೂ ಇದೆ. ಅಜ್ಜಿಗೆ ಯಾವುದನ್ನೂ ಹೇಳಬಾರದು. ನನಗೊಂದು ಗಂಡು ನೋಡಬೇಕು, ನನ್ನ ಬದಲಿಗೂ ಮಾತಾಡುವಂಥವನು. ನಾನು ತಲೆಯಾಡಿಸುತ್ತಾ ಕೂತಿದ್ದೆ. ನನ್ನ ಬಟ್ಟಲಿನಲ್ಲಿ ಸಾರು ಆರಿ, ಮೇಲೆ ಎಣ್ಣೆಯ ಚಿಕ್ಕ ಚಿಕ್ಕ ವೃತ್ತಗಳು ನಿಂತಿದ್ದವು. ಎದುರು ಕೂತವರನ್ನು ನೋಡಿ ನೋಡಿ, ಈ ಮನುಷ್ಯ ಮುಂದಿನ ವರ್ಷ ಇರುವುದಿಲ್ಲ ಎಂಬುದನ್ನು ನನ್ನ ತಲೆಗೆ ಹೇಳಿಕೊಟ್ಟೆ. ಅದು ಹೇಳಿಕೊಟ್ಟದ್ದನ್ನು ಕಲಿಯಲಿಲ್ಲ. ಅವರ ಕನ್ನಡಕದ ಕಡ್ಡಿಗೆ ಅಮ್ಮ ಸುತ್ತಿದ ದಾರ ಕಾಣಿಸಿತು. ಅಂಗಿಯ ಕಾಲರಿನ ಬಟನ್ನು ಹಾಕಿರಲಿಲ್ಲ, ಕತ್ತು ಬಿಗಿಯಾಗುತ್ತದೆಂದು.

ಫೋನು ಬಂತು. ಅಮ್ಮ. ದಿನವೂ ಈ ಹೊತ್ತಿಗೇ ಮಾಡುತ್ತಾಳೆ. ಅಪ್ಪ ಎತ್ತಿಕೊಂಡು ಮಾತಾಡಿದರು. ಅಮ್ಮ ಹಲೋ ಹಲೋ ಎನ್ನುವುದು ನನಗೂ ಕೇಳುತ್ತಿತ್ತು. ಅಪ್ಪ ಫೋನನ್ನು ಬಾಯಿಯ ಹತ್ತಿರಕ್ಕೆ ತಂದು, ಅಂಗೈ ಅಡ್ಡ ಹಿಡಿದು, ಮತ್ತೆ ಹೇಳಿದರು. ಆ ಕಡೆಯಿಂದ ಮತ್ತೆ ಹಲೋ. ತಗಡಿನ ಚಾವಣಿಯನ್ನು ನಡುಗಿಸುತ್ತಿದ್ದ ದನಿ ಒಂದು ಮೇಜನ್ನು ದಾಟುತ್ತಿರಲಿಲ್ಲ. ಕೊನೆಗೆ ಫೋನನ್ನು ನನ್ನ ಮುಂದೆ ಚಾಚಿದರು.

‘ನೀನೇ ಹೇಳು. ನಾಳೆ ಬರ್ತಿದೀವಿ ಅಂತ ಹೇಳು, ಸಾಕು. ಮಿಕ್ಕಿದ್ದು ಮನೆಗೆ ಹೋಗಿ ನಾನು ಹೇಳ್ಕೋತೀನಿ.’

ಫೋನು ಅವರ ಕೈಯ ಬಿಸಿಯಿಂದ ಬೆಚ್ಚಗಿತ್ತು. ಕಿವಿಗಿಟ್ಟುಕೊಂಡೆ. ನಾನು ಎಂದು ಅಮ್ಮನಿಗೆ ಉಸಿರಿನಿಂದಲೇ ಗೊತ್ತಾಗುತ್ತದೆ. ಊಟ ಆಯಿತಾ, ಅಪ್ಪನಿಗೆ ಇಳಿಯಿತಾ, ಚೀಲದ ತಳದಲ್ಲಿ ಎರಡು ಮೆತ್ತನೆಯ ಟವೆಲ್ ಇಟ್ಟಿದ್ದೇನೆ ಆಸ್ಪತ್ರೆಯ ಟವೆಲ್ ಮುಟ್ಟಿಸಬೇಡ, ಮುಂದೆ ಬಟನ್ನಿರುವ ಅಂಗಿಗಳನ್ನೇ ಇಟ್ಟಿದ್ದೇನೆ ತಲೆಯ ಮೇಲಿಂದ ಹಾಕುವುದು ಬೇಡ ಅಂದಿದ್ದಾರೆ, ಎಂದು ಒಂದರ ಹಿಂದೊಂದು ಹೇಳುತ್ತಾ ಹೋದಳು. ಗೋಡೆಗೆ ತೂಗುಹಾಕಿ ಬರೆಯುವಂಥ ಒಂದು ಚಿಕ್ಕ ಹಲಗೆಯನ್ನೂ ಕೊಂಡಿದ್ದಾಳಂತೆ. ಅಪ್ಪ ಅದರಲ್ಲಿ ಬರೆದರೆ ತಾನು ಓದುತ್ತಾಳಂತೆ. ಅಕ್ಷರ ಕೆಟ್ಟದಾಗಿದ್ದರೆ ಮತ್ತೆ ಬರೆಸುತ್ತಾಳಂತೆ. ಹೇಳಿ ನಕ್ಕಳು. ನಕ್ಕು, ಮೂಗೆಳೆದುಕೊಂಡಳು. ಆಮೇಲೆ ಕೇಳಿದಳು, ಯಾಕೆ ಮಾತಾಡುತ್ತಿಲ್ಲ, ಇದ್ದೀಯೇನೇ.

ಅಪ್ಪ ಎದುರಿನಿಂದ, ಹೇಳು ಎಂದು ತುಟಿಯಾಡಿಸಿದರು. ಸದ್ದು ಬರಲಿಲ್ಲ. ತುಟಿಯನ್ನು ನೋಡಿಯೇ ನನಗೆ ತಿಳಿಯಿತು.

‘ಅಮ್ಮಾ,’ ಅಂದೆ. ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರು ತಿರುಗಿ ನೋಡಿದರು. ನಾನು ಅಪ್ಪನನ್ನೇ ನೋಡುತ್ತಿದ್ದೆ. ಅವರು ಲೋಟವನ್ನು ಬಾಯಿಗೆ ತಂದಿದ್ದವರು ಅಲ್ಲೇ ತಡೆದರು.

‘ಅಪ್ಪ ಆಪರೇಷನ್ ಬೇಡ ಅಂತಿದಾರೆ. ನಾನು ಅವರ ಕಡೆ ಇಲ್ಲಮ್ಮ. ನಂಗೆ ಅಪ್ಪ ಬೇಕು. ಮಾತಾಡ್ದೇ ಇದ್ರೂ ಬೇಕು.’